ಒಂದೇ ಮನೆಯಲ್ಲಿ ಎರಡು ಒಲೆ

ಸರ್ ತೀರಿಕೊಂಡ ಸುದ್ದಿಯನ್ನು ತಾಂಡೂರಿನ ಮಹಾದೇವಿ ಅಕ್ಕ ಫೋನಿಗೆ ಬರೆದು ಕಳಿಸಿದಳು. ಅದರ ಬೆನ್ನಿಗೇ ಇನ್ನೊಂದು ಸಾಲು: "ತಮ್ಮಾ, ಒಂದ್ ಸಲ ಅವರ ಧ್ವನಿ ಮಾಡಿ ಕಳಸೋ. ಕೇಳ್ಬೇಕು ಅನಸಾಕತ್ತದ."

ನಾನು ಮಾಡದ ಧ್ವನಿಯಿಲ್ಲ. ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ ತೆಲುಗು, ಉರ್ದು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಒದರುವ ಕಂಡಕ್ಟರನನ್ನು ಮಾಡುತ್ತೇನೆ. ಕುರಿಗೆ ಸೂಜಿ ಚುಚ್ಚುವಾಗ ಕುರಿಗಿಂತ ಮೊದಲು ತಾವೇ ಮುಖ ಕಿವುಚುವ ಪಶುವೈದ್ಯರನ್ನು ಮಾಡುತ್ತೇನೆ. ಎಲ್ಲರೂ ಕಾಕಾ ಎನ್ನುವ ನಮ್ಮ ಸಂಘದ ಅಧ್ಯಕ್ಷರನ್ನು, ಭಾಷಣ ಮರೆತಾಗ ಅವರು ಬರಿಸಿಕೊಳ್ಳುವ ಕೆಮ್ಮಿನ ಸಮೇತ ಮಾಡುತ್ತೇನೆ. ಯಾರೂ ಸಿಗದಿದ್ದರೆ ನನ್ನನ್ನೇ ಮಾಡುತ್ತೇನೆ: ಕೆಲಸದ ಸಂದರ್ಶನದಲ್ಲಿ ತೆಲುಗಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಯೋಚಿಸಿ ಉರ್ದುವಿನಲ್ಲಿ ಉತ್ತರ ಕೊಟ್ಟು ಬಂದ ಬಡಪಾಯಿ. ಆದರೆ ಮದುವೆ ಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಜನ ಮೊದಲು ಕೇಳುತ್ತಿದ್ದುದು ಸರ್ ಧ್ವನಿಯನ್ನೇ. ನನ್ನ ಅಂಗಡಿಯಲ್ಲಿ ಮುಂದಿನ ಸಾಲಿಗೆ ಇಡುವ ಸರಕು ಅದು.

ಆದರೂ ಅವತ್ತು ಕೈಯಲ್ಲಿದ್ದ ಫೋನನ್ನು ಮಗುಚಿಟ್ಟೆ.

ನಮ್ಮದು ಕುರಿ ಸಾಕುವ ಕುಟುಂಬಗಳ ಸಂಘ. ಜಹೀರಾಬಾದಿನಲ್ಲಿ ದೊಡ್ಡ ಕಚೇರಿ, ನಾರಾಯಣಖೇಡ ಮತ್ತು ತಾಂಡೂರಿನಲ್ಲಿ ಒಂದೊಂದು ಸಣ್ಣದು. ದೊಡ್ಡದು ಎಂದರೆ ಅಲ್ಲಿ ಫ್ಯಾನು ಎರಡು. ಸಂಘದ ಮುಖ್ಯ ಕೆಲಸ ಟಗರು ಬದಲಿ. ಒಂದು ಹಿಂಡಿನಲ್ಲಿ ಹುಟ್ಟಿದ ಟಗರು ಅದೇ ಹಿಂಡಿನ ಮರಿಗಳಿಗೆ ಅಪ್ಪನಾಗಬಾರದು. ಹಾಗೇನಾದರೂ ಆದರೆ ಹುಟ್ಟುವ ಮರಿಗಳಲ್ಲಿ ಶಕ್ತಿಯಿರುವುದಿಲ್ಲ. ಹಿಂದೆ ಇದನ್ನೆಲ್ಲ ಹಿರಿಯರು ತಲೆಯಲ್ಲೇ ಇಟ್ಟುಕೊಂಡು, ತಮ್ಮತಮ್ಮಲ್ಲೇ ಟಗರು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಈಗ ಟಗರಿನ ಕಿವಿಗೆ ಬಿಲ್ಲೆ, ಬಿಲ್ಲೆಗೆ ನಂಬರು, ನಂಬರಿಗೆ ಕಂಪ್ಯೂಟರು. ಯಾವುದು ಯಾರ ಹಿಂಡಿನಲ್ಲಿ ಹುಟ್ಟಿತು, ಅದರ ತಾಯಿ ಯಾವುದು, ಈಗ ಎಲ್ಲಿದೆ, ಎಲ್ಲವನ್ನೂ ಬರೆದಿಡಬೇಕು. ನಾರಾಯಣಖೇಡದಲ್ಲಿ, ನಮ್ಮ ಮಂದಿಯ ಬಾಯಲ್ಲಿ ಬರೀ ಖೇಡದಲ್ಲಿ, ಬರೆಯುವವನು ನಾನು; ತಾಂಡೂರಿನಲ್ಲಿ ಮಹಾದೇವಿ ಅಕ್ಕ. ಶನಿವಾರ ಸಂಜೆ ಇಬ್ಬರೂ ಬರೆದದ್ದರ ನಕಲು ತೆಗೆದು ಜಹೀರಾಬಾದಿಗೆ ಕಳಿಸಬೇಕು. ಅಲ್ಲಿ ಮೂರನ್ನೂ ಕೂಡಿಸಿ, ಯಾರ ಟಗರು ಯಾರಿಗೆ ಎಂದು ಪಟ್ಟಿ ತೆಗೆಯುತ್ತಾರೆ. ಈ ಮೂರೂ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಯಜಮಾನ ಸರ್.

ಸಣಕಲು ದೇಹ, ಮೊಣಕೈವರೆಗೆ ಮಡಿಸಿದ ತೋಳು, ಕುತ್ತಿಗೆಗೆ ದಾರ ಕಟ್ಟಿ ತೂಗುಬಿಟ್ಟ ಪೆನ್‌ಡ್ರೈವ್. ನಮ್ಮ ಕಡೆ ಮಕ್ಕಳಿಗೆ ತಾಯಿತ ಕಟ್ಟಿದ ಹಾಗೆ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟೇ ಬರುವರು, ನಮ್ಮಿಂದಲೂ ಬಿಡಿಸುವರು. ಕಾಕಾಗೂ ವಿನಾಯಿತಿಯಿರಲಿಲ್ಲ. ಮನುಷ್ಯರನ್ನೆಲ್ಲ ಏಕವಚನದಲ್ಲಿ ಕರೆಯುವ ಮನಸ್ಸಿದ್ದಂತೆ ಕಾಣುತ್ತಿದ್ದವರು ಯಂತ್ರಕ್ಕೆ ಮಾತ್ರ ಬಹುವಚನ ಹಚ್ಚುತ್ತಿದ್ದರು. "ಏಳ್ರಿ, ಭಾಳ ಹೊತ್ತಾತು. ಮಂದಿ ಕುಂತಾರ." ಅದು ಏಳುತ್ತಿತ್ತು. ನಾನು ಅದೇ ಧ್ವನಿಯಲ್ಲಿ ಅದೇ ಮಾತು ಹೇಳಿದರೆ ಏಳುತ್ತಿರಲಿಲ್ಲ. ಯಂತ್ರವೊಂದೇ ನನ್ನ ನಕಲಿಗೆ ಮರುಳಾಗದ ಪ್ರೇಕ್ಷಕ.

ಕೊಹೀರಿನ ಮೇಲೆ ಹಾದು ಬಂದರೆ ಬಸ್ಸಿನ ಕಿಟಕಿಯಿಂದಲೇ ಪ್ಯಾರಲ ಹಣ್ಣು, ಅಂದರೆ ಸೀಬೆ, ಕೊಳ್ಳುವರು. ಕಂಪ್ಯೂಟರ್ ರಿಪೇರಿ ಮುಗಿದ ಮೇಲೆ ಜೇಬಿನ ಸಣ್ಣ ಚಾಕು ತೆಗೆದು ಹಣ್ಣನ್ನು ನಾಲ್ಕು ಹೋಳು ಮಾಡಿ, ದೊಡ್ಡ ಹೋಳನ್ನು ಎದುರಿಗಿದ್ದವರಿಗೆ ಕೊಡುವರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ, ಅಥವಾ ಉತ್ತರ ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಿದ್ದರೆ, ಕನ್ನಡಕ ತೆಗೆಯುವರು. ಎರಡೂ ಗಾಜಿಗೆ 'ಹಾ' ಎಂದು ಉಸಿರು ಬಿಟ್ಟು, ಅಂಗಿಯ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಏರಿಸುವ ಹೊತ್ತಿಗೆ ಕೇಳಿದವನೇ ಪ್ರಶ್ನೆ ಮರೆತಿರುತ್ತಿದ್ದ.

ಅವರಿಗೆ ಎರಡು ಮಾತುಗಳು ಬಲು ಪ್ರೀತಿ. ಒಂದು: "ನೆಕ್ಸ್ಟ್ ಒತ್ತೂಕಿಂತ ಮೊದಲ ಓದ್ರಿ." ಇನ್ನೊಂದು: "ನನ್ನ ಕೈಯಾಗ ಇವತ್ತಿನತನಕ ಒಂದ್ ನೋಂದಣಿ ಸುದ್ದಾ ಅಳಿಸಿಲ್ಲ." ಎರಡನೆಯದನ್ನು ಹೇಳುವಾಗ ಪೆನ್‌ಡ್ರೈವನ್ನು ಮುಟ್ಟಿಕೊಳ್ಳುತ್ತಿದ್ದರು. ಎರಡೂ ನಿಜವಾಗಿದ್ದವು. ಎರಡನೆಯದು ಕೊನೆಯವರೆಗೂ ನಿಜವಾಗಿತ್ತು. ನನ್ನನ್ನು ಸುಟ್ಟದ್ದು ಅದೇ.

ಅವರ ಧ್ವನಿಯನ್ನು ನಾನು ಮೊದಲು ಮಾಡಿದ್ದು ಫೋನಿನಲ್ಲಿ. ತಾಂಡೂರಿಗೆ ಫೋನು ಹಚ್ಚಿ, "ಅಕ್ಕಾ, ಚಪ್ಲಿ ಬಿಟ್ಟೀರಿಲ್ರಿ? ಮಿಷನ್ನಿಗೆ ಸೀನ ಬರಾಕತ್ತದಂತ" ಎಂದೆ. ಮಹಾದೇವಿ ಅಕ್ಕ ಗಾಬರಿಯಲ್ಲಿ ಚಪ್ಪಲಿ ಹೊರಗೆ ಎಸೆದಳಂತೆ. ಹಿಂದೆ ತಿರುಗಿದರೆ ಬಾಗಿಲಲ್ಲಿ ಸರ್. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಏ ನಕಲಿ," ಎಂದರು. "ನಾ ಇಷ್ಟ್ ಲಗೂ ಮಾತಾಡ್ತೀನೇನೋ? 'ಮಿಷನ್ನಿಗೆ' ಅಂದ್ ಮ್ಯಾಲ ಜರಾ ನಿಲ್ಲಬೇಕು. ಆಮ್ಯಾಲ ಮುಂದಿಂದು. ಮತ್ತೊಮ್ಮಿ ಮಾಡು."

ಮಾಡಿದೆ.

"ಹಾಂ. ಈಗ ನಾನಾದೆ ನೋಡು."

ಹೀಗೆ ತನ್ನ ನಕಲನ್ನು ತಾನೇ ತಿದ್ದಿಕೊಟ್ಟವರು ನನ್ನ ಬಾಳಿನಲ್ಲಿ ಅವರೊಬ್ಬರೇ. ಅಂದಿನಿಂದ ನಾನು ಅವರವನಾದೆ.

ಒಂದು ಸಲ ತಾಂಡೂರಿನ ಕಚೇರಿಯಲ್ಲಿ ಟಗರಿನ ಪ್ರೋಗ್ರಾಂ ತೆರೆಯಲಿಲ್ಲ. ನಾವು ಬರೆದದ್ದೆಲ್ಲ ಹೋಗಿ ಕೂರುವ ಜಾಗಕ್ಕೆ ಡೇಟಾಬೇಸ್ ಎನ್ನುತ್ತಾರಲ್ಲ, ಅದೇ ಕೆಟ್ಟಿದೆ ಎಂದುಕೊಂಡ ಮಹಾದೇವಿ ಅಕ್ಕ, ಹಳೆಯ ಸಿ.ಡಿ. ಹುಡುಕಿ ಹೊಸದಾಗಿ ಹಾಕಲು ಹೊರಟಿದ್ದಳು. ನಾನೂ ಅಲ್ಲಿದ್ದೆ, ಹುರಿದುಂಬಿಸುತ್ತಿದ್ದೆ. ಅಷ್ಟರಲ್ಲಿ ಬಸ್ಸಿಳಿದು ಬಂದ ಸರ್, ಬಾಗಿಲಿನಿಂದಲೇ ಕೂಗಿದರು: "ಕೈ ತಗೀರಿ ಅಕ್ಕಾ!"

"ಯಾಕ್ರಿ ಸರ್? ಕೆಟ್ಟದ್ದರ ಮ್ಯಾಲ ಛಲೋದು ಹಾಕಿದ್ರ ಏನಾಗ್ತದ?"

"ಮ್ಯಾಲ ಕುಂದರಂಗಿಲ್ಲರಿ ಅದು. ಬಾಜೂಕ ಕುಂದರ್ತದ." ಅವರು ತಾಂಡೂರಿನ ನೀಲಿ ಪರಸಿಕಲ್ಲಿನ ನೆಲದ ಮೇಲೆ ಕುಳಿತೇಬಿಟ್ಟರು. "ಇದ್ದ ಮನಿಯಾಗ ಎರಡನೇ ಒಲಿ ಹಚ್ಚಿದಂಗ ಆಗ್ತದ. ಹಳೇ ಒಲಿ ಆರಿಲ್ಲ, ಬೂದಿ ಮುಚ್ಚಿಕೊಂಡು ಕುಂತದ. ಹೊಸಾದು ಬಾಜೂಕ ಉರ್ಯಾಕತ್ತದ. ಅಡಿಗಿ ಒಂದರ ಮ್ಯಾಲ ಆಗ್ತದ, ಉಣ್ಣೋ ಮಂದಿ ಇನ್ನೊಂದರ ಮುಂದ ತಾಟ ಹಿಡಕೊಂಡು ಕುಂತಿರ್ತಾರ. ಅಡಿಗಿ ಮಾಡಾಕಿ ಅಂತಾಳ, ನಾ ಮಾಡೀನಿ. ಉಣ್ಣಾವ್ರು ಅಂತಾರ, ನಮಗ ಬಂದಿಲ್ಲ. ಇಬ್ಬರೂ ಖರೇನ ಹೇಳ್ತಾರ. ಮನಿ ಒಡೀತದ."

ಆಮೇಲೆ ಎದ್ದು ಹಳೆಯದನ್ನೇ ಎಬ್ಬಿಸಿದರು. ಅದು ಕೆಟ್ಟಿರಲಿಲ್ಲ, ಕರೆಂಟು ಹೋಗಿ ಬಂದಾಗ ಮಲಗಿಬಿಟ್ಟಿತ್ತು, ಅಷ್ಟೇ. ಈ ಒಲೆಯ ಮಾತನ್ನು ನಾನು ಅವರ ಧ್ವನಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ.

ಅದಾಗಿ ಒಂದು ವರ್ಷಕ್ಕೆ, ಮಳೆ ಹಿಡಿದ ದಿನಗಳಲ್ಲಿ, ನಾರಾಯಣಖೇಡದ ನನ್ನ ಯಂತ್ರವೂ ಹಾಗೇ ಮಲಗಿತು. ಸರ್ ಬಂದರು. ಅವರ ಮಗಳ ಹೆರಿಗೆ ಹತ್ತಿರವಿತ್ತು, ಫೋನಿನ ಮೇಲೆ ಫೋನು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಗಿಸಿ, "ಹೂಂನವ್ವಾ, ಬರ್ತೀನವ್ವಾ" ಎನ್ನುತ್ತ, ಒಂದು ಕೈಯಲ್ಲಿ ಒತ್ತುತ್ತಾ ಹೋದರು. ಟಕ್, ಟಕ್, ಟಕ್. ನಾನು ನಕಲಿ, ನೋಡಿದ್ದನ್ನು ಮರೆಯುವುದಿಲ್ಲ. ಆ ಓರೆ ಕುತ್ತಿಗೆ ಈಗಲೂ ನನಗೆ ಬರುತ್ತದೆ. ಆದರೆ ಅವರು ಅಂದು ಓದದೆ ಒತ್ತಿದರು ಎಂಬುದು ಅಂದು ನನ್ನ ತಲೆಗೆ ಹೊಳೆಯಲಿಲ್ಲ. ಪ್ರೋಗ್ರಾಂ ತೆರೆಯಿತು. ಹಳೆಯ ದಾಖಲೆಯೆಲ್ಲ ಕಾಣಿಸಿತು. ಪ್ಯಾರಲ ಹಣ್ಣನ್ನು ಕತ್ತರಿಸದೆ ಇಡಿಯಾಗಿ ನನ್ನ ಕೈಗಿಟ್ಟು ಬಸ್ಸಿಗೆ ಓಡಿದರು.

ಅದೇ ಮಳೆಗಾಲದಲ್ಲಿ ನಮ್ಮ ಕಡೆಯ ಟಗರುಗಳಿಗೆಲ್ಲ ಹೊಸ ಬಿಲ್ಲೆ ಬಂತು. ಹಟ್ಟಿ ಹಟ್ಟಿ ತಿರುಗಿ ಹಳೆಯ ನಂಬರು ಯಾವುದು, ಹೊಸದು ಯಾವುದು ಎಂದು ಕೇಳಿಕೊಂಡು ಬಂದು ಬರೆದೆ. ಶನಿವಾರ ಶನಿವಾರ ನಕಲು ತೆಗೆಯಲು ಸರ್ ಮಾಡಿಕೊಟ್ಟಿದ್ದ ಗುಂಡಿಯೊಂದಿತ್ತು, ಅದನ್ನೊತ್ತಿ ಜಹೀರಾಬಾದಿಗೆ ಕಳಿಸಿದೆ. ಹತ್ತು ತಿಂಗಳು.

ನಡುವೆ, ಚಳಿಗಾಲದ ಹೊತ್ತಿಗೆ, ಜಹೀರಾಬಾದಿನಿಂದ ಬದಲಿ ಪಟ್ಟಿ ಬಂತು. ರಾಯಿಕೋಡ್ ಹತ್ತಿರದ ನನ್ನ ಸೋದರಮಾವನ ಹಿಂಡಿಗೂ ಒಂದು ಟಗರು. ಟೆಂಪೋದಿಂದ ಇಳಿಸಿದಾಗ ಮಾವ ಅದರ ಗದ್ದ ಹಿಡಿದೆತ್ತಿ ನೋಡಿದ.

"ಏ, ಇದು ನಮ್ಮ ಕರಿಮೂತಿ ಕುರಿಯ ಮಗ ಇದ್ದಂಗ ಕಾಣ್ತದಲ್ಲೋ. ಮರಿ ಇದ್ದಾಗ ಖೇಡ ಕಡಿ ಕೊಟ್ಟಿದ್ನಲ್ಲ."

ಅಲ್ಲಿ ಹತ್ತು ಮಂದಿ ಸೇರಿದ್ದರು. ಹತ್ತು ಮಂದಿ ಸೇರಿದ ಕಡೆ ನನ್ನ ನಾಲಿಗೆ ನನ್ನದಾಗಿರುವುದಿಲ್ಲ. ಮಾವನ ಹಾಗೇ ಸೊಂಟದ ಮೇಲೆ ಕೈಯಿಟ್ಟು, ಮಾವನ ಗೊಗ್ಗರು ಧ್ವನಿಯಲ್ಲೇ ಹೇಳಿದೆ: "ಏ, ಇದು ನಮ್ಮ ಮುತ್ಯಾನ ಮಗ ಇದ್ದಂಗ ಕಾಣ್ತದಲ್ಲೋ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನನ್ನ ಧ್ವನಿಯಲ್ಲಿ, "ಮಾವ, ಕಂಪ್ಯೂಟರ್ ಹೇಳ್ಯಾದ, ಇದು ಹೊರಗಿಂದು. ನಿಮ್ಮ ಕಣ್ಣಿಗಿಂತ ಅದು ಛಲೋ ಅದ" ಎಂದೆ. ಮಾವ ಗದ್ದ ಹಿಡಿದಿದ್ದ ಕೈ ತೆಗೆದ. ಟಗರನ್ನು ಹಿಂಡಿಗೆ ಬಿಟ್ಟ.

ಐದು ತಿಂಗಳಿಗೆ ಮರಿಗಳು ಬಿದ್ದವು. ಬಿದ್ದವು ಎನ್ನುವುದೇ ಸರಿ, ಏಳಲಿಲ್ಲ. ಕೆಲವಕ್ಕೆ ದವಡೆ ಸೊಟ್ಟ, ಮೊಲೆ ಹಿಡಿಯಲು ಬರದು. ಮಾವ ಒಂದೊಂದನ್ನೇ ಕಂಬಳಿಯಲ್ಲಿ ಸುತ್ತಿ, ಬೆರಳಿನಿಂದ ಹಾಲು ನೆಕ್ಕಿಸುತ್ತ ಕುಳಿತಿದ್ದ. ನಾನು ಹೋದಾಗ ತಲೆ ಎತ್ತಲಿಲ್ಲ. ಅವನ ಹಿಂಡೊಂದೇ ಅಲ್ಲ, ಇನ್ನೂ ನಾಲ್ಕು ಹಿಂಡುಗಳಲ್ಲಿ ಹೀಗೇ ಆಗಿತ್ತು.

ಜಹೀರಾಬಾದಿನಲ್ಲಿ ಸಭೆ ಸೇರಿತು. ಕಾಕಾ ಪಟ್ಟಿ ಹಿಡಿದು ಎದ್ದರು. ಕೆಮ್ಮಲಿಲ್ಲ, ಅಂದು ಅವರಿಗೆ ಮಾತು ಮರೆತಿರಲಿಲ್ಲ.

"ಖೇಡದ್ದು ಮಳಿಗಾಲದಿಂದ ಈಚೆ ಒಂದ್ ಅಕ್ಷರ ಸುದ್ದಾ ಬಂದಿಲ್ಲ. ಹೊಸಾ ಬಿಲ್ಲಿಗೆ ಹಳೇ ನಂಬರ್ ಯಾವ್ದಂತ ಇಲ್ಲ್ಯಾರಿಗೂ ಗೊತ್ತಿಲ್ಲ. ಅದಕ್ಕ ಮಿಷನ್ನು ಅವೆಲ್ಲ ಹೊರಗಿನ ಟಗರಂತ ತಿಳದು ಹಂಚ್ಯಾದ. ಏನೋ, ಹತ್ತು ತಿಂಗಳು ಖೇಡದಾಗ ಕುಂತು ಏನ್ ಮಾಡ್ದಿ? ನಕಲಿ ಮಾಡ್ದೇನು?"

"ನಾ ಎಲ್ಲ ಬರದೀನ್ರಿ ಕಾಕಾ! ನನ್ನ ಮಿಷನ್ನಾಗ ಅದ. ಬೇಕಾದ್ರ ಸರ್‌ಗೆ ಕೇಳ್ರಿ."

ಎಲ್ಲರೂ ಸರ್ ಕಡೆ ತಿರುಗಿದರು. ಸರ್ ಕನ್ನಡಕ ತೆಗೆದರು. ಎರಡೂ ಗಾಜಿಗೆ ಉಸಿರು ಬಿಟ್ಟರು. ಒರೆಸಿದರು. ಬೆಳಕಿಗೆ ಹಿಡಿದರು. ಅಷ್ಟು ಹೊತ್ತು ಒರೆಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನಾ ಹೋಗಿ ನೋಡ್ತೀನಿ," ಎಂದರು. "ಕೀಲಿ ಕೊಡು. ನೀ ಇಲ್ಲೇ ಇದ್ದು ಊಟ ಮಾಡು, ಹೆದರಬ್ಯಾಡ."

ಕೀಲಿ ಕೊಟ್ಟೆ. ಊಟವನ್ನೂ ಮಾಡಿದೆ, ನಾಚಿಕೆಗೇಡಿ, ಎರಡು ಸಲ ಹಾಕಿಸಿಕೊಂಡೆ. ಸರ್ ಹೋಗಿದ್ದಾರಲ್ಲ, ಇನ್ನೇನು ಭಯ?

ಮರುದಿನ ಬೆಳಿಗ್ಗೆ ಕಾಕಾ ಜೊತೆ ನಾರಾಯಣಖೇಡಕ್ಕೆ ಬಂದೆ. ಸರ್ ಯಂತ್ರದ ಮುಂದೆ ಕುಳಿತಿದ್ದರು. ಮೇಜಿನ ಮೇಲೆ ಪ್ಯಾರಲ ಹಣ್ಣು, ನಾಲ್ಕು ಹೋಳು. ಪರದೆಯ ಮೇಲಿನ ಕೊನೆಯ ನೋಂದಣಿ ಮಳೆಗಾಲದ್ದು. ಅದರ ಮುಂದೆ ಬೋಳು ಬಯಲು.

"ಸಂಜಿಗೆ ಬಂದ್ ಮಾಡೂಕಿಂತ ಮೊದಲ 'ಉಳಿಸು' ಅಂತ ಇತ್ತಲ್ಲ, ಒತ್ತೀದಿಲ್ಲೋ ತಮ್ಮಾ?" ಎಂದರು ಮೆಲ್ಲಗೆ.

"ಒತ್ತೀನ್ರಿ... ದಿನಾ ಕಾಣಸ್ತಿತ್ತಲ್ರಿ ಸರ್? ನಿನ್ನಿ ಬರದದ್ದು ಇವತ್ತ ಕಾಣಸ್ತಿತ್ತು."

"ಕಾಣಸ್ತದ. ಪಡಸಾಲ್ಯಾಗ ಕುಂತ ಮಂದಿ ಕಾಣಸಂಗಿಲ್ಲೇನು? ಹಂಗಂತ ಅವರು ಮನಿ ಮಂದಿ ಆದ್ರೇನು? ಒಳಗ ಕರಕೊಂಡಿದ್ರ ಉಳೀತಿದ್ರು. ಮಿಷನ್ ಕಸ ಹೊಡದಾಗ ಎಲ್ಲಾರೂ ಹೊರಗ ಹೋದ್ರು."

ಎಷ್ಟು ಚಂದದ ಹೋಲಿಕೆ! ಸುಳ್ಳಿಗೂ ಇಷ್ಟು ಚಂದದ ಮೈ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಒತ್ತಿದ್ದು ನೆನಪಿತ್ತು. ಆದರೆ ಮನೆಯ ಚಿಲಕ ಹಾಕಿದ್ದು ದಿನದಿನವೂ ಬೇರೆಬೇರೆಯಾಗಿ ನೆನಪಿರುತ್ತದೆಯೇ? ಸಂಜೆ ನಾನು ಬಸ್ಸಿಗೆ ಓಡುವವನು, ಹಗಲೆಲ್ಲ ಹಲ್ಲು ಕಿಸಿಯುವವನು. ಒಂದು ಕಡೆ ಒಂದು ನೋಂದಣಿಯನ್ನೂ ಕಳೆಯದ ಸರ್; ಇನ್ನೊಂದು ಕಡೆ ನಾನು. ನನ್ನನ್ನು ಕೇಳಿದ್ದರೆ ನಾನೂ ಅವರನ್ನೇ ನಂಬುತ್ತಿದ್ದೆ. ನಂಬಿದೆ ಕೂಡ.

ಕಾಕಾ ನನ್ನನ್ನು ತೆಗೆದುಹಾಕಲು ಹೊರಟಾಗ ತಡೆದವರು ಸರ್. "ತಪ್ಪು ಯಾರಿಗಿ ಆಗಂಗಿಲ್ರಿ? ಇರಲಿ ಬಿಡ್ರಿ. ನಾ ಕುಂತು ಎಲ್ಲಾ ತಿರುಗಿ ಬರಸ್ತೀನಿ." ನಾನು ಅವರ ಕಾಲಿಗೆ ಬಿದ್ದೆ. ಇದು ನಕಲಿಯಲ್ಲ, ನಿಜವಾಗಿ ಬಿದ್ದೆ. ಅವರು ಕಾಲು ಹಿಂದೆಳೆದುಕೊಂಡರು. ವಿನಯ ಎಂದುಕೊಂಡೆ.

ಮುಂದಿನ ಇಡೀ ತಿಂಗಳು ನನ್ನ ಬೈಕಿನ ಹಿಂದೆ ಕುಳಿತು ಸರ್ ಹಟ್ಟಿ ಹಟ್ಟಿ ತಿರುಗಿದರು. ಮೊಣಕಾಲು ನೋವಿದ್ದರೂ ಟಗರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಿವಿ ಮಗುಚಿ, ನಂಬರು ಓದಿ ಹೇಳುವರು, ನಾನು ಬರೆದುಕೊಳ್ಳುವೆ. ಒಂದು ಟಗರು ಅವರನ್ನು ಗುದ್ದಿ ಹಿಕ್ಕೆಯಲ್ಲಿ ಕೆಡವಿತು. "ಓದೂಕಿಂತ ಮೊದಲ ಒತ್ಯಾದ ನೋಡೋ!" ಎಂದು ಅವರೇ ನಕ್ಕರು. ಅಂಥ ಗುರು ಏಳೇಳು ಜನ್ಮಕ್ಕೆ ಸಿಗಲಿ ಎಂದು ನಾನು ಮನೆಯಲ್ಲಿ ಅವ್ವನ ಮುಂದೆ ಹೇಳಿದ್ದೇನೆ.

ಮಾವ ಮಾತ್ರ ನಮ್ಮನ್ನು ಹಟ್ಟಿಯ ಒಳಗೆ ಬಿಡಲಿಲ್ಲ. ತಾನೇ ಕಿವಿ ಓದಿ, ಬೇಲಿಯಾಚೆಯಿಂದ ಸರ್‌ಗೆ ಹೇಳಿದ. ನನಗೆ ಹೇಳಲಿಲ್ಲ.

ನಾಚಿಕೆಯನ್ನು ಹೊರುವ ದಾರಿ ನನಗೆ ಒಂದೇ ಗೊತ್ತು, ಅದನ್ನು ಆಟ ಮಾಡುವುದು. 'ಉಳಿಸು ಒತ್ತದ ಹುಡುಗ' ಎಂಬ ಆಟ ಕಟ್ಟಿದೆ. ಗತ್ತಿನಿಂದ ಟೈಪ್ ಮಾಡುವುದು, ಮೈಮುರಿಯುವುದು, ಬಸ್ಸಿನ ಹಾರ್ನ್ ಕೇಳಿ ಹಾರಿ ಓಡುವುದು, ಮರುದಿನ ಖಾಲಿ ಪರದೆಯ ಮುಂದೆ ಬಾಯಿ ತೆರೆದು ನಿಲ್ಲುವುದು. ಕೊನೆಗೆ ಸರ್ ಬಂದು ಕಾಪಾಡುವುದು. ಎರಡು ವರ್ಷ ಮೂರೂ ಊರುಗಳಲ್ಲಿ ಇದನ್ನು ಆಡಿದೆ. ಜನ ಕಣ್ಣೀರು ಬರುವಷ್ಟು ನಕ್ಕರು. ಮುಂದಿನ ಸಾಲಿನಲ್ಲಿ ಸರ್ ಕೂಡ ನಗುತ್ತಿದ್ದರು, ಕನ್ನಡಕ ಒರೆಸಿಕೊಳ್ಳುತ್ತ.

ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಟಗರಿನ ಪ್ರೋಗ್ರಾಮಿಗೆ ಹೊಸ ಆವೃತ್ತಿ ಬಂತು, ಅದಕ್ಕೆ ಡೇಟಾಬೇಸನ್ನೂ ಹೊಸದಾಗಿ ಹಾಕಬೇಕು. ಸರ್‌ಗೆ ಕಣ್ಣಿನ ಆಪರೇಶನ್ ಆಗಿತ್ತು. ಫೋನು ಮಾಡಿ, "ಖೇಡದ ಮಿಷನ್ ನಾ ಬರೂತನಕ ಮುಟ್ಟಬ್ಯಾಡ" ಎಂದರು. ಮರುದಿನ ಮತ್ತೆ ಅದನ್ನೇ ಹೇಳಿದರು. ಆದರೆ ಕಾಕಾಗೆ ಅವಸರ. "ಇನ್ನ ಎಷ್ಟ್ ದಿನ ಸರ್ ಬೆರಳ ಹಿಡಕೊಂಡು ನಡೀತಿ? ಇವತ್ತ ಹಾಕು" ಎಂದು ಬೈದರು.

ಹಾಕಲು ಕುಳಿತೆ. ಚಪ್ಪಲಿ ಬಿಟ್ಟು ಕುಳಿತೆ. ನೆಕ್ಸ್ಟ್ ಒತ್ತುವ ಮೊದಲು ಓದಿದೆ. ನನ್ನ ಗುರು ಕಲಿಸಿದಂತೆ ಪ್ರತಿ ಸಾಲನ್ನೂ ಓದಿದೆ. ಮೂರನೆಯ ಪರದೆ ಹೇಳಿತು: ಈ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಅದರ ಕೆಳಗೆ ಹೆಸರುಗಳು. ಒಂದಲ್ಲ, ಎರಡು.

ಒಂದು ನಾನು ದಿನವೂ ಬಳಸುವುದು. ಇನ್ನೊಂದನ್ನು ತೆರೆದೆ.

ಎಲ್ಲವೂ ಅಲ್ಲಿತ್ತು. ನನ್ನ ಹತ್ತು ತಿಂಗಳು. ಹೊಸ ಬಿಲ್ಲೆ, ಹಳೆಯ ನಂಬರು, ಕರಿಮೂತಿಯ ಮಗ, ಅದು ಹುಟ್ಟಿದ ಹಿಂಡು: ನನ್ನ ಮಾವನದು. ಕೊನೆಯ ನೋಂದಣಿ ಸಭೆಯ ಹಿಂದಿನ ದಿನದ್ದು. ಮಳೆಗಾಲದ ಆ ದಿನ ಫೋನಿನಲ್ಲಿ ಮಾತಾಡುತ್ತ ಸರ್ ಎರಡನೆಯ ಒಲೆ ಹಚ್ಚಿದ್ದರು; ಹಳೆಯ ದಾಖಲೆಯ ನಕಲು ತಾನಾಗಿ ಅದರೊಳಗೂ ಬಂದಿತ್ತು. ನಾನು ಬರೆದದ್ದು ಹೊಸದಕ್ಕೆ ಹೋಗುತ್ತಿತ್ತು. ಶನಿವಾರದ ನಕಲಿನ ಗುಂಡಿ ಹಳೆಯದರಿಂದಲೇ ತೆಗೆಯುತ್ತಿತ್ತು. ಅಲ್ಲಿಯವರೆಗೆ ಅದು ಕೈತಪ್ಪು. ಯಾರಿಗೂ ಆಗುವಂಥದ್ದು, ಅವರೇ ಹೇಳಿದರಲ್ಲ. ಆದರೆ ಪ್ರೋಗ್ರಾಮನ್ನು ಹೊಸ ಒಲೆಯಿಂದ ಬಿಡಿಸಿ ಹಳೆಯದಕ್ಕೆ ತಿರುಗಿಸಿದ ದಿನಾಂಕವೂ ಯಂತ್ರದಲ್ಲಿತ್ತು: ಸಭೆಯ ದಿನ, ಸಂಜೆ. ನಾನು ಜಹೀರಾಬಾದಿನಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಹೊತ್ತು. ಕೀಲಿ ಅವರ ಕೈಯಲ್ಲಿತ್ತು.

ಅವರು ಅಳಿಸಿರಲಿಲ್ಲ. ಅಳಿಸಿದ್ದರೆ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಒಂದು ನೋಂದಣಿಯನ್ನೂ ಅಳಿಸದ ಕೈ ಅದನ್ನು ಬೂದಿ ಮುಚ್ಚಿ ಇಟ್ಟಿತ್ತು. ಒಂದು ತಿಂಗಳು ಹಿಕ್ಕೆಯಲ್ಲಿ ಕುಳಿತು ನನಗೆ ಓದಿ ಹೇಳಿದ ಪ್ರತಿ ನಂಬರೂ ಅಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಆಡಿ ನಗಿಸಿದ ತಪ್ಪು ಯಾರದೆಂಬುದೂ.

ಬೀಳ್ಕೊಡುಗೆ ಜಹೀರಾಬಾದಿನಲ್ಲಿ. ಸರ್‌ಗೆ ಕರಿ ಕಂಬಳಿ ಹೊದಿಸಿ, ತಲೆಗೆ ರುಮಾಲು ಸುತ್ತಿ ಕೂರಿಸಿದ್ದರು. "ಏ, ಆ ಉಳಿಸು ಒತ್ತದ ಹುಡುಗನ ಆಟ ಮಾಡೋ!" ಎಂದು ಜನ ಕೂಗಿದರು. ಎದ್ದೆ. ಟೈಪ್ ಮಾಡಿದೆ, ಮೈಮುರಿದೆ, ಓಡಿದೆ. ನಕ್ಕರು. ಆಮೇಲೆ ಎಂದೂ ಆಡದ ಒಂದು ತುಂಡನ್ನು ಆಡಿದೆ. ಸರ್ ಒಬ್ಬರೇ ಬರುತ್ತಾರೆ. ಕೀಲಿ ತೆಗೆಯುತ್ತಾರೆ. ಚಪ್ಪಲಿ ಬಿಡುತ್ತಾರೆ. ಪರದೆ ನೋಡುತ್ತಾರೆ. ಬೆರಳೆತ್ತಿ ಎಣಿಸುತ್ತಾರೆ: ಒಂದು. ಎರಡು. ಹೋಗಿ ಬಾಗಿಲು ಹಾಕಿಕೊಂಡು ಬರುತ್ತಾರೆ. ಕನ್ನಡಕ ತೆಗೆದು, ಉಸಿರು ಬಿಟ್ಟು, ಒರೆಸುತ್ತಾರೆ, ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ.

ಜನಕ್ಕೆ ಏನೂ ತಿಳಿಯಲಿಲ್ಲ. ಆ ಒರೆಸುವುದಕ್ಕೇ ಬಿದ್ದು ಬಿದ್ದು ನಕ್ಕರು. ಮಹಾದೇವಿ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಸರ್ ನಗಲಿಲ್ಲ. ಕೈ ಕನ್ನಡಕದವರೆಗೆ ಹೋಗಿ, ಅಲ್ಲೇ ನಿಂತು, ಹಾಗೇ ಮಡಿಲಿಗೆ ಇಳಿಯಿತು.

ಹಾರ, ಹಣ್ಣಿನ ಬುಟ್ಟಿ ಹೊತ್ತು ಅವರನ್ನು ಬಸ್ಸಿಗೆ ಹತ್ತಿಸುವ ಕೆಲಸ ಕಾಕಾ ನನಗೇ ಹೇಳಿದರು. ನಿಲ್ದಾಣದಲ್ಲಿ ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿದೆ.

"ಯಾವಾಗ ನೋಡ್ದಿ?" ಎಂದರು ಸರ್.

"ನಿಮ್ಮ ಕಣ್ಣಿಂದು ಆದಾಗ್ರಿ."

"ಮುಟ್ಟಬ್ಯಾಡ ಅಂದಿದ್ನಲ್ಲೋ."

"ಓದಿ ಒತ್ತು ಅಂತನೂ ಅಂದಿದ್ರಿ."

ಎರಡು ತಿಂಗಳು ನಾನು ತಯಾರಿ ನಡೆಸಿದ್ದೆ. ಅವರು 'ತಪ್ಪಾತು' ಎಂದರೆ ಏನನ್ನಬೇಕು, 'ಮಗಳ ಚಿಂತಿಯಾಗ ಆತೋ' ಎಂದರೆ ಏನನ್ನಬೇಕು, ಅತ್ತರೆ ಏನು ಮಾಡಬೇಕು. ಅವರ ಪಾತ್ರವನ್ನೂ ನನ್ನ ಪಾತ್ರವನ್ನೂ ನಾನೇ ಆಡಿ ಕಲಿತಿದ್ದೆ. ಅವರು ಅದ್ಯಾವುದನ್ನೂ ಹೇಳಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾರಿಗಾರ ಹೇಳೀಯೇನು?"

"ಇಲ್ರಿ."

ಅವರ ಎದೆಯಿಂದ ಉಸಿರು ಹೊರಬಂತು. ನನ್ನ ಭುಜ ತಟ್ಟಿದರು. "ಶಾಣ್ಯಾ ಇದ್ದಿ," ಎಂದರು.

ಬಸ್ಸು ಹೊರಡುವಾಗ ಕಿಟಕಿಯಿಂದ ಒಂದು ಪ್ಯಾರಲ ಹಣ್ಣು ನನ್ನ ಕೈಗಿಟ್ಟರು. ತಿನ್ನಬೇಕೋ ಎಸೆಯಬೇಕೋ ತಿಳಿಯದೆ ನಿಂತಿದ್ದೆ. ನಿಲ್ದಾಣದ ಮೇಕೆಯೊಂದು ಬಂದು ಕೈಯಿಂದಲೇ ಕಿತ್ತುಕೊಂಡು ಹೋಯಿತು. ಅದರ ಕಿವಿಯಲ್ಲಿ ಯಾವ ಬಿಲ್ಲೆಯೂ ಇರಲಿಲ್ಲ.

ಈಗ ಅವರಿಲ್ಲ. ಮಹಾದೇವಿ ಅಕ್ಕನಿಗೆ ಧ್ವನಿ ಕಳಿಸಬೇಕಿತ್ತು. ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದೆ: "ನೆಕ್ಸ್ಟ್ ಒತ್ತೂಕಿಂತ ಮೊದಲ... ಓದ್ರಿ ಅಕ್ಕಾ." ಕೇಳಿದರೆ ಅವರೇ. ಆಗ ಒಂದು ಆಸೆ ಹುಟ್ಟಿತು. ಧ್ವನಿ ನನ್ನ ಬಳಿಯೇ ಇದೆ. ಅವರ ಬಾಯಿಂದ ನಾನು ಏನನ್ನು ಬೇಕಾದರೂ ಹೇಳಿಸಬಹುದು. ಅದೇ ಧ್ವನಿಯಲ್ಲಿ ಹೇಳಿದೆ: "ಹುಡುಗಂದು ತಪ್ಪಿಲ್ರಿ ಕಾಕಾ. ಎರಡನೇ ಒಲಿ ಹಚ್ಚಿದಾಂವ... ನಾನು." ಹಾಕಿ ಕೇಳಿದೆ. ನಿಲ್ಲಬೇಕಾದ ಕಡೆ ನಿಂತಿತ್ತು, ಉಸಿರು ಇರಬೇಕಾದ ಕಡೆ ಇತ್ತು. ಆದರೆ ಅದು ಅವರಲ್ಲ. ನಾನು. ಏಳೆಂಟು ಸಲ ಮಾಡಿದೆ. ಪ್ರತಿ ಸಲವೂ ನಾನೇ.

ಮೊದಲನೆಯದನ್ನು ಅಕ್ಕನಿಗೆ ಕಳಿಸಿದೆ. "ಅಯ್ಯ, ಸರ್ ಬಂದು ಬಾಜೂಕ ಕುಂತಂಗಾತು ನೋಡೋ" ಎಂದು ಉತ್ತರ ಬಂತು. ಎರಡನೆಯದನ್ನು ನನ್ನ ಸ್ವಂತ ಬಾಯಿಯಿಂದಲೇ ಹೇಳಬೇಕಾಗಿತ್ತು, ಹೇಳಬೇಕಾದ ಮನುಷ್ಯನಿಗೆ. ಮರುದಿನ ರಾಯಿಕೋಡ್ ಬಸ್ಸು ಹಿಡಿದೆ.

ಮಾವ ಹಟ್ಟಿಯ ಮುಂದೆ ಕುಳಿತು ಕುರಿಯೊಂದರ ಗೊರಸು ಕೆತ್ತುತ್ತಿದ್ದ. ಬೇಲಿಯಾಚೆಯೇ ನಿಂತು ಎಲ್ಲವನ್ನೂ ಹೇಳಿದೆ. ಒಲೆಗಳು, ಶನಿವಾರದ ನಕಲು, ಕೀಲಿ, ಆ ಸಂಜೆ. "ನಾ ಬರದಿದ್ದೆ ಮಾವ. ಕರಿಮೂತಿ ಮಗ ಅಂತ ಬರದಿದ್ದೆ. ಮೋಸ ಆಗಿದ್ದು ಸರ್ ಕಡಿಂದ. ನನ್ನ ತಪ್ಪು ಇರಲಿಲ್ಲ."

ಮಾವ ಗೊರಸು ಕೆತ್ತಿ ಮುಗಿಸಿದ. ಕುರಿಯನ್ನು ಬಿಟ್ಟ. ಚಾಕುವನ್ನು ಪಂಚೆಗೆ ಒರೆಸಿದ.

"ಬರದಿದ್ದೇನೋ, ಬಿಟ್ಟಿದ್ದೇನೋ, ನನಗೇನು ಗೊತ್ತು? ನಾ ಓದಿದಾಂವಲ್ಲ," ಎಂದ. "ಟಗರ ಇಳಸಿದಾಗ ನಾ ಅಂದೆ, ಇದು ನಮ್ಮ ಮನೀದು. ನೀ ಹತ್ತು ಮಂದಿ ಮುಂದ ನನ್ನ ಧ್ವನಿ ಮಾಡಿ ನಗಸಿದಿ. ಅದೂ ಸರ್ ಮಾಡಿದ್ರೇನು?"

ನನಗೆ ಕನ್ನಡಕವಿಲ್ಲ. ಇದ್ದಿದ್ದರೆ ತೆಗೆದು ಒರೆಸುತ್ತಿದ್ದೆ.